‘ಸೇವ್’ ಆದದ್ದು ಎಲ್ಲಿಗೆ?

ಪ್ರಾಜೆಕ್ಟ್ ವರದಿಯ ಕೊನೆಯ ಪುಟ ಮುಗಿಸಿ ‘ಸೇವ್’ ಒತ್ತಿದಿರಿ. ಹತ್ತೇ ಸೆಕೆಂಡಿಗೆ ಕರೆಂಟು ಹೋಯಿತು. ಮತ್ತೆ ಕಂಪ್ಯೂಟರ್ ಹಾಕಿದಾಗ ಆ ಪುಟ ಇರುತ್ತದೆಯೇ? ಇರಬಹುದು, ಇಲ್ಲದಿರಲೂಬಹುದು.

ಬರೆದದ್ದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ನಿಲ್ಲುವುದು ರ್‍ಯಾಮ್‌ನಲ್ಲಿ. ಕರೆಂಟು ಹೋದರೆ ಅದು ಎಲ್ಲವನ್ನೂ ಮರೆಯುತ್ತದೆ. ಡಿಸ್ಕು ನಿಧಾನ, ರ್‍ಯಾಮ್ ಚುರುಕು. ಕಿರಾಣಿ ಅಂಗಡಿಯವರು ಗಿರಾಕಿಗಳ ನಡುವೆ ಚೀಟಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುವುದಿಲ್ಲವೇ, ಹಾಗೆ.

ಏರಿಸುವ ಹೊತ್ತನ್ನು ನಿರ್ಧರಿಸುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನೇ ನೋಡಿ. ಡಿಸ್ಕಿಗೆ ಇನ್ನೂ ಹೋಗದ ಪುಟಗಳಿಗೆ ಅಲ್ಲಿ ‘ಕೊಳೆ ಪುಟ’ ಎಂಬರ್ಥದ ಹೆಸರು. ಸಾಮಾನ್ಯವಾಗಿ ಕರ್ನೆಲ್‌ನ ಕೆಲಸಗಾರ ಐದು ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ಮೀರಿದ ಕೊಳೆಯನ್ನು ಡಿಸ್ಕಿಗೆ ಸಾಗಿಸುತ್ತಾನೆ. ಕೊಳೆ ಬೇಗ ಬೆಳೆದರೆ ಗಡಿಯಾರ ನೋಡುತ್ತ ಕೂರುವುದಿಲ್ಲ. ಬಳಕೆಗೆ ಸಿಗುವ ರ್‍ಯಾಮ್‌ನ ಶೇಕಡ 10 ದಾಟಿದೊಡನೆ ಹಿನ್ನೆಲೆಯಲ್ಲಿ ಸಾಗಣೆ ಶುರು. ಶೇಕಡ 20 ಸಮೀಪಿಸಿದರೆ ಬರೆಯುತ್ತಿರುವ ತಂತ್ರಾಂಶವನ್ನೇ ತಡೆದು ಕಾಯಿಸುತ್ತದೆ. ದೊಡ್ಡ ಸಿನಿಮಾ ಕಡತದ ನಕಲು ಮೊದಲು ಓಡಿ, ಆಮೇಲೆ ತೆವಳುವುದಕ್ಕೆ ಇದೂ ಒಂದು ಕಾರಣ.

‘ಈಗಲೇ ಬರೆ’ ಎಂದು ಕೇಳಲು ತಂತ್ರಾಂಶಕ್ಕೆ ‘ಎಫ್‌ಸಿಂಕ್’ ಎಂಬ ಆಜ್ಞೆಯಿದೆ. ಅದನ್ನು ಬಳಸುವುದು ಬಿಡುವುದು ತಂತ್ರಾಂಶ ಬರೆದವರ ವಿವೇಕ. 2009ರಲ್ಲಿ ಇದರ ಮೇಲೆಯೇ ದೊಡ್ಡ ತಕರಾರು ಎದ್ದಿತು. ಆಗಷ್ಟೇ ಬಂದಿದ್ದ ‘ಇಎಕ್ಸ್‌ಟಿ-4’ ಕಡತ ವ್ಯವಸ್ಥೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೂ ಮುಂದೂಡುತ್ತಿತ್ತು. ನಡುವೆ ಯಂತ್ರ ನಿಂತರೆ ಕೆಲವು ಕಡತಗಳ ಹೆಸರಷ್ಟೇ ಉಳಿದು, ಒಳಗೆ ಸೊನ್ನೆ ಬೈಟು! ಎಫ್‌ಸಿಂಕ್ ಕರೆಯದ ತಂತ್ರಾಂಶಗಳದೇ ತಪ್ಪು ಎಂದರು, ಅದನ್ನು ನೋಡಿಕೊಳ್ಳುತ್ತಿದ್ದ ಥಿಯೊಡೋರ್ ಟ್ಸೋ. ನಿಯಮದ ಪ್ರಕಾರ ಅದು ಸರಿಯೇ. ಆದರೆ ಕಡತ ಕಳೆದುಕೊಂಡವರಿಗೆ ನಿಯಮ ಕಟ್ಟಿಕೊಂಡು ಏನಾಗಬೇಕು? ಕೊನೆಗೆ ಹಳೆಯ ಕಡತದ ಜಾಗಕ್ಕೆ ಹೊಸದು ಬರುವಾಗ ತಡಮಾಡದಂತೆ ಕರ್ನೆಲ್ಲನ್ನೇ ತಿದ್ದಿದರು.

ಪೆನ್‌ಡ್ರೈವಿನ ಕಥೆಯೂ ಇದೇ. ‘ಈಗ ತೆಗೆಯಬಹುದು’ ಎನ್ನುವ ಮುಂಚೆ ಕಿತ್ತರೆ ಬಾಕಿ ಪುಟಗಳು ರ್‍ಯಾಮ್‌ನಲ್ಲೇ ಉಳಿದಿರಬಹುದು. 2018ರ ಒಂದು ಆವೃತ್ತಿಯಿಂದ ವಿಂಡೋಸ್ 10 ಪೆನ್‌ಡ್ರೈವಿಗೆ ಈ ಮುಂದೂಡಿಕೆಯನ್ನು ತಾನಾಗಿ ಮಾಡುವುದನ್ನು ಬಿಟ್ಟಿತು. ಆದರೂ ನಕಲು ನಡೆಯುತ್ತಿರುವಾಗ ಕೀಳಬಾರದು. ಲಿನಕ್ಸ್ ಇದ್ದರೆ ‘ಸಿಂಕ್’ ಎಂದು ಟೈಪು ಮಾಡಿ ಎಂಟರ್ ಒತ್ತಿ. ಬಾಕಿಯೆಲ್ಲ ಡಿಸ್ಕಿಗೆ ಹೋದ ಮೇಲಷ್ಟೇ ಅದು ಮುಂದಿನ ಆಜ್ಞೆ ಕೇಳುತ್ತದೆ.