ಶರತ್ಕಾಲದ ಕಡಲ ಪಯಣ: ಚೆನ್ನೈಯಿಂದ ಅಂಡಮಾನಿಗೆ

ದಸರೆಯ ರಜೆ ಸಮೀಪಿಸಿತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಹಡಗಿನ ಮಾತು ಏಳುವುದುಂಟು. ವಿಮಾನವು ಎರಡು ಗಂಟೆಯ ಸುಮಾರಿನಲ್ಲಿ ಮುಟ್ಟಿಸುವ ಅಂಡಮಾನಿಗೆ ಸಮುದ್ರದ ಮೇಲೆಯೇ ಹೋಗಬೇಕೆಂಬ ಆಸೆ ಹಲವರಿಗೆ. ಆಸೆ ಒಳ್ಳೆಯದೇ, ಆದರೆ ಹೊರಡುವ ತಿಂಗಳನ್ನು ಸ್ವಲ್ಪ ವಿಚಾರ ಮಾಡಿ ಆರಿಸಬೇಕು.

ಯುರೋಪು, ಅಮೆರಿಕಗಳ ಉತ್ತರದ ರೇವುಗಳಿಂದ ಜನರು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ವಿಹಾರ ನೌಕೆ ಹತ್ತಿ ಉಷ್ಣವಲಯದ ದ್ವೀಪಗಳಿಗೆ ಹೊರಡುತ್ತಾರೆ. ಬೇಸಿಗೆಯೆಲ್ಲ ಮೆಡಿಟರೇನಿಯನ್ನಿನಲ್ಲಿ ಓಡಾಡಿದ ಹಡಗುಗಳು ಚಳಿಗಾಲಕ್ಕೆ ಕೆರಿಬಿಯನ್ ಕಡೆಗೆ ತೆರಳುವ ಕಾಲ ಅದು. ಹೇಗಿದ್ದರೂ ಹೋಗಲೇಬೇಕಾದ ಹಡಗಾದ ಕಾರಣ ಟಿಕೆಟ್ಟಿನ ದರವೂ ಇಳಿಯುವುದುಂಟು. ಅವರಿಗೆ ಅದು ಚಳಿಯಿಂದ ಪಾರಾಗುವ ಉಪಾಯ. ಚೆನ್ನೈಯಲ್ಲಿರುವ ನಮಗೆ ಪಾರಾಗಲು ಚಳಿಯಾದರೂ ಎಲ್ಲಿದೆ? ನಾವಿರುವುದೇ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪೋರ್ಟ್ ಬ್ಲೇರ್ ನಮಗಿಂತ ಒಂದೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿದೆ. ಹಡಗು ಸಾಗುವುದು ಬಹುತೇಕ ನೇರ ಪೂರ್ವಕ್ಕೆ, ಸುಮಾರು 730 ನಾಟಿಕಲ್ ಮೈಲಿ, ಎಂದರೆ 1,350 ಕಿಲೋಮೀಟರು. ಅದಕ್ಕೆ ಅರುವತ್ತು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೀಗೆ ಹನ್ನೆರಡು ರೇಖಾಂಶ ದಾಟಿಯೂ ಗಡಿಯಾರದ ಮುಳ್ಳನ್ನು ಯಾರೂ ತಿರುಗಿಸುವುದಿಲ್ಲವಾದ್ದರಿಂದ ಅಲ್ಲಿ ಸೂರ್ಯನು ನಮಗಿಂತ ಐವತ್ತು ನಿಮಿಷದಷ್ಟು ಮೊದಲೇ ಹುಟ್ಟುತ್ತಾನೆ. ನವೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ದೀಪ ಹಚ್ಚಬೇಕು. ಹೊಸಬರಿಗೆ ಇದು ವಿಚಿತ್ರವಾಗಿ ತೋರುತ್ತದೆ.

ಇನ್ನು ಋತುವಿನ ವಿಷಯ. ಶರತ್ಕಾಲವೆಂದರೆ ನಮ್ಮ ಪುರಾಣಕಾರರಿಗೆ ತಿಳಿಯಾದ ಆಕಾಶ, ಬೆಳ್ಳನೆಯ ಮೋಡ. ಚೆನ್ನೈಯಲ್ಲಿಯಾದರೋ ಅದು ಕೊಡೆ ಹುಡುಕುವ ಕಾಲ. ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಈಶಾನ್ಯ ಮಾರುತ ಆರಂಭವಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುತ್ತವೆ. ಸಮುದ್ರದ ಮೇಲ್ಭಾಗದ ನೀರು 26–27 ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿದ್ದರೆ ಅದರಿಂದ ಏಳುವ ಆವಿಯೇ ಸುಳಿಗಾಳಿಗೆ ಉರುವಲು. ಇವುಗಳಲ್ಲಿ ಹಲವು ಅಂಡಮಾನಿನ ಆಸುಪಾಸಿನಲ್ಲಿ ವಾಯುಭಾರ ಕುಸಿತವಾಗಿ ಹುಟ್ಟಿ, ಬಲಿತು, ಪಶ್ಚಿಮಕ್ಕೆ ತಮಿಳುನಾಡು, ಆಂಧ್ರ ಕರಾವಳಿಗಳತ್ತ ಬರುತ್ತವೆ. ಎಂದರೆ ನಮ್ಮ ಹಡಗು ಹೋಗುವ ದಾರಿಯೇ ಅವು ಬರುವ ದಾರಿ. 2016ರ ಡಿಸೆಂಬರಿನಲ್ಲಿ ವಾರ್ದಾ ಚಂಡಮಾರುತವು ಹೀಗೆಯೇ ಮಾಡಿತು. ಮೊದಲು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ನೂರಾರು ಪ್ರವಾಸಿಗರನ್ನು ಸಿಕ್ಕಿಸಿ, ನೌಕಾಪಡೆಯ ಹಡಗುಗಳು ಹೋಗಿ ಕರೆತರುವಂತೆ ಮಾಡಿತು. ಬಳಿಕ 12ನೆಯ ತಾರೀಖು ನಮ್ಮ ಚೆನ್ನೈಗೇ ಬಂದಪ್ಪಳಿಸಿ ಬೀದಿಬೀದಿಯ ಮರಗಳನ್ನು ಕೆಡವಿತು.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಆಗ ಇಲ್ಲಿ ಬಂದರೇ ಇರಲಿಲ್ಲ. ಹಡಗುಗಳು ಬಯಲು ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು, ಜನರೂ ಸರಕೂ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದ ಮಸೂಲ ದೋಣಿಗಳಲ್ಲಿ ದಡ ಸೇರುತ್ತಿದ್ದರು. 1746ರ ಅಕ್ಟೋಬರಿನಲ್ಲಿ, ಮದರಾಸನ್ನು ಆಗತಾನೆ ಗೆದ್ದಿದ್ದ ಫ್ರೆಂಚರ ಹಡಗುಗಳನ್ನು ಬಿರುಗಾಳಿಯೊಂದು ಒಂದೇ ರಾತ್ರಿಯಲ್ಲಿ ನುಚ್ಚುನೂರು ಮಾಡಿತು. ಕಂಪನಿಯ ಕಾಲದಲ್ಲಿ ಅಕ್ಟೋಬರ್ 15ಕ್ಕೆ ಸೇಂಟ್ ಜಾರ್ಜ್ ಕೋಟೆಯ ಧ್ವಜಸ್ತಂಭವನ್ನು ಇಳಿಸುತ್ತಿದ್ದರು; ಹಡಗುಗಳು ಇಲ್ಲಿಂದ ತೊಲಗಲಿ ಎಂಬುದಕ್ಕೆ ಅದೇ ಸೂಚನೆ. ಡಿಸೆಂಬರ್ 15ಕ್ಕೆ ಮತ್ತೆ ಏರಿಸುತ್ತಿದ್ದರು. ಕೊನೆಗೆ ಕಲ್ಲಿನ ಅಡ್ಡಗೋಡೆ ಕಟ್ಟಿ ಬಂದರು ಮಾಡಹೊರಟರೆ, 1881ರ ನವೆಂಬರಿನ ಬಿರುಗಾಳಿ ಅದನ್ನೂ ಒಡೆಯಿತು. ಇಂದಿನ ಬಂದರಿಗೆ ಬಹುಮಟ್ಟಿಗೆ ರೂಪ ಕೊಟ್ಟವರು 1904ರಲ್ಲಿ ಬಂದ ಫ್ರಾನ್ಸಿಸ್ ಸ್ಪ್ರಿಂಗ್.

ಈಗ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಹಲವು ದಿನ ಮೊದಲೇ ದೊರೆಯುತ್ತದೆ. ಬಂದರಿನಲ್ಲಿ 1ರಿಂದ 11ರವರೆಗಿನ ಸಂಖ್ಯೆಯ ಸೂಚನೆಗಳನ್ನು ಏರಿಸುತ್ತಾರೆ. 1, 2 ಎಂದರೆ ದೂರದ ಸಮುದ್ರದಲ್ಲಿ ಗಾಳಿಯೆದ್ದಿದೆ. 5ರಿಂದ ಅಪಾಯ, 8ರಿಂದ ಮಹಾ ಅಪಾಯ. 11 ಬಂದರೆ ಹವಾಮಾನ ಕಚೇರಿಯೊಡನೆ ಸಂಪರ್ಕವೇ ಕಡಿದಿದೆಯೆಂದು ಅರ್ಥ. ಪತ್ರಿಕೆಯಲ್ಲಿ ‘ಒಂದನೆಯ ನಂಬರು’ ಎಂದು ಓದಿದಾಕ್ಷಣ ಗಾಬರಿಪಡಬೇಕಾಗಿಲ್ಲ. ಆದರೆ ಅಂಡಮಾನಿನ ಟಿಕೆಟ್ಟು ಜೇಬಿನಲ್ಲಿದ್ದರೆ ಆ ‘ದೂರದ ಸಮುದ್ರ’ ನಮ್ಮ ದಾರಿಯೇ ಆಗಿರಬಹುದು.

ಚಂಡಮಾರುತ ಇಲ್ಲದಿದ್ದರೂ ಗಾಳಿ ಇದ್ದೇ ಇರುತ್ತದೆ. ಪೂರ್ವಕ್ಕೆ ಹೋಗುವಾಗ ಈಶಾನ್ಯದ ಅಲೆಗಳು ಹಡಗಿನ ಎಡ ಮುಂಭಾಗಕ್ಕೆ ಬಡಿಯುತ್ತವೆ. ಹಿಂತಿರುಗುವಾಗ ಬೆನ್ನ ಹಿಂದಿನಿಂದ ಬರುತ್ತವೆ. ಆದ್ದರಿಂದ ಹೋಗುವ ದಾರಿಯೇ ಹೆಚ್ಚು ಕುಲುಕುತ್ತದೆ. ಓಕರಿಕೆಗೆ ಕಾರಣ ಹೊಟ್ಟೆಯಲ್ಲ, ಒಳಗಿವಿ. ಕೋಣೆಯೊಳಗೆ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ, ಕಿವಿ ‘ಅಲ್ಲಾಡುತ್ತಿದೆ’ ಎನ್ನುತ್ತದೆ. ಈ ತಕರಾರನ್ನು ಮಿದುಳು ಸಹಿಸದು. ಮೇಲೆ ಹೋಗಿ ದಿಗಂತವನ್ನು ನೋಡುತ್ತ ನಿಂತರೆ ಇಬ್ಬರ ಸಾಕ್ಷಿಯೂ ಒಂದಾಗುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕುಲುಕಾಟ ಕಡಿಮೆ. ಆರಿಸಿಕೊಳ್ಳಲು ಅವಕಾಶವಿದ್ದರೆ ಅಲ್ಲಿಯೇ ಜಾಗ ಕೇಳಿರಿ. ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಬಿಡುವ ಮೊದಲೇ ನುಂಗಬೇಕು. ವಾಂತಿ ಆರಂಭವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಲಕ್ಕಿ, ಒಣ ರೊಟ್ಟಿ, ಚಟ್ನಿಪುಡಿ, ನಾಲ್ಕು ನಿಂಬೆಹಣ್ಣು ಕೈಯಲ್ಲಿರಲಿ.

ಇದು ಸಂಗೀತ, ಈಜುಕೊಳಗಳುಳ್ಳ ವಿಹಾರ ನೌಕೆಯಲ್ಲವೆಂಬುದೂ ನೆನಪಿರಲಿ. ಅಂಥದೊಂದು 2023ರ ಜೂನ್ ತಿಂಗಳಲ್ಲಿ ಚೆನ್ನೈಯಿಂದ ಶ್ರೀಲಂಕೆಗೆ ಹೊರಟಿತ್ತು. ಅದರ ಮಾತು ಬೇರೆ. ಅಂಡಮಾನಿನ ಹಡಗುಗಳು ದ್ವೀಪದ ಜನರ ಬಸ್ಸುಗಳಿದ್ದಂತೆ. ಕೂಲಿಗೆ ಹೋಗುವವರು, ಮದುವೆಗೆ ಬರುವವರು, ವಿದ್ಯಾರ್ಥಿಗಳು ಬಂಕುಗಳಲ್ಲಿ ಮಲಗಿ ಸಾಗುತ್ತಾರೆ. ಅವರೊಡನೆ ಮಾತಾಡುವುದೇ ಆ ಪಯಣದ ಸೊಗಸು. ಕೊನೆಯ ದಿನ ಹಡಗು ಲಿಟ್ಲ್ ಅಂಡಮಾನಿನ ಉತ್ತರಕ್ಕಿರುವ ಡಂಕನ್ ಜಲಮಾರ್ಗದಲ್ಲಿ ನುಸುಳಿ ಪೂರ್ವದ ಮಗ್ಗುಲಿಗೆ ತಿರುಗುವಾಗ ಯಾರೂ ನಿದ್ದೆ ಮಾಡಬಾರದು.

ದಸರೆಗೇ ಹೋಗಬೇಕೆನ್ನುವವರು ಹಿಂತಿರುಗುವ ದಿನದ ಮೇಲೆ ಕನಿಷ್ಠ ನಾಲ್ಕು ದಿನ ರಜೆ ಹೆಚ್ಚಾಗಿ ಬರೆದುಕೊಡಲಿ, ವಿಮಾನದ ಖರ್ಚಿಗೆ ಸಾಲುವಷ್ಟು ಹಣವನ್ನೂ ಬೇರೆ ಇಟ್ಟುಕೊಳ್ಳಲಿ. ವಯಸ್ಸಾದವರನ್ನು ಕರೆದೊಯ್ಯುವವರು ಫೆಬ್ರವರಿಯವರೆಗೆ ಕಾಯುವುದು ಮೇಲು. ಆಗ ಕೊಲ್ಲಿ ಬಹಳ ಮಟ್ಟಿಗೆ ಶಾಂತವಾಗಿರುತ್ತದೆ.