ಎರಡು ದೇವಬಾಗ, ಒಂದೇ ಕಡಲು

ಠಾಣೆಯಲ್ಲಿ ರೈಲು ಹತ್ತಿ ಊರಿಗೆ ಹೋಗುವ ಕರಾವಳಿಯವರಿಗೆ ಕೊಂಕಣ ರೈಲ್ವೆ ಅಂದರೆ ನಿದ್ದೆ. ಮಧ್ಯಾಹ್ನ ಮತ್ಸ್ಯಗಂಧಾ ಹತ್ತಿದರೆ ಪನ್ವೇಲ್ ದಾಟುವಾಗ ಚಹಾ, ಕತ್ತಲಾದ ಮೇಲೆ ಮನೆಯಿಂದ ಕಟ್ಟಿಕೊಂಡು ಬಂದ ಚಪಾತಿ ಪಲ್ಯ, ಆಮೇಲೆ ಹೊದಿಕೆ. ಕಣ್ಣು ಬಿಟ್ಟಾಗ ಭಟ್ಕಳವೋ ಬೈಂದೂರೋ ಬಂದಿರುತ್ತದೆ. 1998ರ ಜನವರಿ 26ರಂದು ಈ ಹಳಿ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಮುಂಬೈ ಬಸ್ಸಿನ ಆ ಮುಗಿಯದ ಪ್ರಯಾಣ ನಮಗೆ ತಪ್ಪಿತು, ನಿಜ. ಆದರೆ ನಾವು ನಿದ್ದೆಯಲ್ಲಿರುವಾಗ ಬಲಗಡೆಯ ಕಡಲಲ್ಲಿ ಏನೇನು ಹಿಂದೆ ಸರಿಯುತ್ತದೆ ಎಂದು ಯೋಚಿಸಿದವರು ಕಡಿಮೆ. ಮಾಲ್ವಣದ ಕುರ್ಟೆ ದ್ವೀಪ, ಕಾರವಾರದ ಅಂಜುದೀವ್ ಮತ್ತು ಕೂರ್ಮಗಡ, ಮುರುಡೇಶ್ವರದ ಆಚೆ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್.

ನಾವಿರುವುದು ಠಾಣೆ ಪೂರ್ವದ ಕೋಪರಿಯಲ್ಲಿ. ನಾನು ಕುಂದಾಪುರದ ಕಡೆಯವಳು, ನಮ್ಮವರು ಧಾರವಾಡದ ಕಡೆಯವರು. ವಿಚಿತ್ರವೆಂದರೆ ಈಜು ಬರುವುದು ಅವರಿಗೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತವರು. ಅಲೆಯ ಸದ್ದು ಕೇಳುತ್ತಲೇ ಬೆಳೆದ ನನಗೆ ಬರುತ್ತಿರಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ. ಕಡಲು ಮೀನು ಕೊಡುತ್ತದೆ, ಆಗಾಗ ಜನರನ್ನೂ ತೆಗೆದುಕೊಳ್ಳುತ್ತದೆ. ‘ಕಡ್ಲಿಗ್ ಇಳುಕಾಗ’ ಎಂಬ ಅಮ್ಮನ ಮಾತು ನನ್ನ ಮೊಣಕಾಲಿನ ಮಟ್ಟಕ್ಕೆ ಗೆರೆ ಎಳೆದಿತ್ತು. ಹಾಗಾಗಿ ಹವಳ ನೋಡಲು ಹೋಗೋಣ ಎಂದು ಇವರು ಹೇಳಿದಾಗ ನಾನು ಒಂದು ಷರತ್ತು ಹಾಕಿದೆ. ಮೊದಲು ಇಲ್ಲಿ ಈಜುಕೊಳದಲ್ಲಿ ಕಲಿಯುತ್ತೇನೆ, ಆಮೇಲೆ ನೋಡೋಣ. ಮೂರು ತಿಂಗಳು, ಬೆಳಗ್ಗೆ ಆರರ ಬ್ಯಾಚು. ಅಲ್ಲಿಂದ ನೇರ ಲೋಕಲ್ ಹತ್ತಿ ಆಫೀಸು, ಒದ್ದೆ ಕೂದಲಲ್ಲೇ.

ಇನ್ನು ಕ್ಯಾಂಪಿಂಗ್ ವಿಷಯ. ದ್ವೀಪದ ಮೇಲೆ ಟೆಂಟು, ಮುಂದೆ ಬೆಂಕಿ, ಮೇಲೆ ನಕ್ಷತ್ರ ಎಂಬ ರೀಲ್ಸ್ ಚಿತ್ರವನ್ನು ಮೊದಲೇ ಅಳಿಸಿಬಿಡಿ. ಸಿಂಧುದುರ್ಗ ಕೋಟೆಯಲ್ಲಿ ಕೆಲವೇ ಮನೆತನಗಳು ತಲೆಮಾರುಗಳಿಂದ ವಾಸವಾಗಿವೆ, ಪ್ರವಾಸಿಗರು ಸಂಜೆಯೊಳಗೆ ವಾಪಸು ಬರಬೇಕು. ಅಂಜುದೀವ್ ನೌಕಾಪಡೆಯದು. ಸೇಂಟ್ ಮೇರೀಸಿನಲ್ಲಿ ರಾತ್ರಿ ಉಳಿಯುವಂತಿಲ್ಲ. ನೇತ್ರಾಣಿಯಲ್ಲಂತೂ ಪ್ರವಾಸಿ ದೋಣಿಗಳು ಯಾರನ್ನೂ ದ್ವೀಪಕ್ಕೆ ಇಳಿಸುವುದೇ ಇಲ್ಲ. ಇದು ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ. ನಾವು ಟೆಂಟು ಹಾಕಿದ್ದು ದ್ವೀಪಗಳ ಎದುರಿನ ದಡದಲ್ಲಿ, ಮನೆಯವರನ್ನು ಕೇಳಿ, ಅವರ ಹಿತ್ತಲಲ್ಲಿ, ಬಾಡಿಗೆ ಕೊಟ್ಟು.

ಮೊದಲ ನಿಲ್ದಾಣ ಮಾಲ್ವಣ. ಕೊಂಕಣಕನ್ಯಾದಲ್ಲಿ ರಾತ್ರಿ ಹೊರಟು ಬೆಳಗ್ಗೆ ಕುಡಾಳದಲ್ಲಿ ಇಳಿದೆವು. ಮಾಲ್ವಣದ ದಕ್ಷಿಣಕ್ಕೆ ತಾರ್ಕರ್ಲಿ, ಅದರಾಚೆ ದೇವಬಾಗ. ಒಂದು ಕಡೆ ಕರ್ಲಿ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಮರಳಿನ ಉದ್ದ ನಾಲಿಗೆ. ಅದರ ಮೇಲೆ ತೆಂಗು, ಗಾಳಿಮರ, ಮನೆಗಳು. ಹಿತ್ತಲಿನ ಮಾಲಕಿ ಮಾವಶಿ ಕಲಿಸಿದ ಎರಡು ಪಾಠಗಳನ್ನು ಇಲ್ಲಿ ಬರೆಯಲೇಬೇಕು. ತೆಂಗಿನ ಮರದ ಕೆಳಗೆ ಟೆಂಟು ಹಾಕಬಾರದು, ಕಾಯಿ ಬೀಳುವಾಗ ಹೇಳಿ ಬೀಳುವುದಿಲ್ಲ. ಮರಳಿನಲ್ಲಿ ಟೆಂಟಿನ ಮೊಳೆ ನಿಲ್ಲುವುದಿಲ್ಲ, ಸಣ್ಣ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದ ಆಳಕ್ಕೆ ಹೂಳಬೇಕು. ರಾತ್ರಿ ಊಟಕ್ಕೆ ತಿರ್ಫಳ ಹಾಕಿದ ಬಾಂಗ್ಡ್ಯಾಚಿ ಆಮಟಿ. ಬಾಂಗ್ಡಾ ಅಂದರೆ ನಮ್ಮ ಬಂಗುಡೆ, ಸೋಲ್‌ಕಡಿ ಅಂದರೆ ನಮ್ಮ ಮುರುಗಲ ಹುಳಿಗೆ ತೆಂಗಿನ ಹಾಲು ಬಿದ್ದದ್ದು. ಹೆಸರು ಬೇರೆಯಾದರೂ ಬಾಯಿಗೆ ಪರಿಚಯ ಮಾಡಿಸಬೇಕಾಗಿ ಬರಲಿಲ್ಲ.

ಕುರ್ಟೆ ದ್ವೀಪದ ಮೇಲೆ ಶಿವಾಜಿ ಸಿಂಧುದುರ್ಗ ಕಟ್ಟಲು ಶುರು ಮಾಡಿದ್ದು 1664ರ ನವೆಂಬರ್ 25ಕ್ಕೆ. ಸುತ್ತಲೂ ಉಪ್ಪುನೀರು, ಒಳಗೆ ದೂಧಬಾವ್, ದಹಿಬಾವ್, ಸಾಖರಬಾವ್ ಎಂಬ ಮೂರು ಸಿಹಿನೀರಿನ ಬಾವಿಗಳು. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠಾ ಕೋಟೆಗಳಲ್ಲಿ ಇದೂ ಒಂದು. ಕೋಟೆ ನೋಡಲು ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಕೋಟೆಯ ಸುತ್ತಲಿನ ನೀರೇ 1987ರಿಂದ ಮಾಲ್ವಣ ಸಾಗರ ಅಭಯಾರಣ್ಯ. ಸುಮಾರು 29 ಚದರ ಕಿಲೋಮೀಟರು. ಮೀನುಗಾರರಿಗೆ ಈ ಘೋಷಣೆ ಇಷ್ಟವಾಗಲಿಲ್ಲ. ಬಲೆ ಬೀಸುತ್ತಿದ್ದ ಜಾಗಕ್ಕೆ ಕಾನೂನು ಬಂದರೆ ಯಾರಿಗೆ ತಾನೇ ಇಷ್ಟವಾಗುತ್ತದೆ? ಆದರೆ ಅದೇ ಊರಿನ ಎಷ್ಟೋ ಹುಡುಗರು ಇವತ್ತು ಪ್ರವಾಸಿಗರನ್ನು ಹವಳ ತೋರಿಸಲು ಕರೆದೊಯ್ದು ಬದುಕುತ್ತಿದ್ದಾರೆ.

ಮೊದಲ ದಿನ ನಾವು ಹೋದ ದೋಣಿ ಅಂಥದ್ದೇನೂ ಚೆನ್ನಾಗಿರಲಿಲ್ಲ. ಲಂಗರನ್ನು ಬಂಡೆಗಳ ಮೇಲೆ ಎಸೆದರು. ಕೈಯಲ್ಲಿ ಬ್ರೆಡ್ಡಿನ ತುಂಡು ಹಿಡಿಸಿದರು. ಕಪ್ಪು ಪಟ್ಟೆಯ ಮೀನುಗಳು ಮುತ್ತಿಕೊಂಡವು, ಫೋಟೊ ಬಂತು, ಐದಾರು ನಿಮಿಷಕ್ಕೆ ‘ಚಲಾ, ಪುಢಚೆ’ ಎಂದರು. ಬ್ರೆಡ್ಡು ತಿಂದು ಅಭ್ಯಾಸವಾದ ಮೀನು ಬಂಡೆಯ ಮೇಲಿನ ಪಾಚಿ ತಿನ್ನುವುದನ್ನು ಬಿಡುತ್ತದೆ, ಪಾಚಿ ಹೆಚ್ಚಿದರೆ ಹವಳಕ್ಕೆ ಉಸಿರುಗಟ್ಟುತ್ತದೆ. ಮರುದಿನ ಬೆಳಗ್ಗೆ ಏಳಕ್ಕೇ ಇನ್ನೊಬ್ಬ ತಾಂಡೇಲನನ್ನು ಹಿಡಿದೆವು. ಬ್ರೆಡ್ಡು ಬೇಡ, ಒಂದು ಗಂಟೆ ಬೇಕು, ಲಂಗರು ಮರಳಿನಲ್ಲಿ ಹಾಕಬೇಕು ಎಂದು ಇವರು ತಮ್ಮ ಧಾರವಾಡದ ಮರಾಠಿಯಲ್ಲಿ ಹೇಳಿದರು. ಅವನಿಗೆ ಖುಷಿಯಾಯಿತು. ಕೇಳುವವರು ಇಲ್ಲದ್ದರಿಂದ ಯಾರೂ ಮಾಡುವುದಿಲ್ಲ ಎಂದ.

‘ಹೆದರಬ್ಯಾಡ, ಮಾರಿ ಅಷ್ಟ ನೀರಾಗ ಇಡು’ ಎಂದರು ಇವರು. ನಮ್ಮೂರಲ್ಲಿ ಮಾರಿ ಅಂದರೆ ಗುಡಿಯಲ್ಲಿರುವವಳು, ಇವರ ಭಾಷೆಯಲ್ಲಿ ಮುಖ. ನಗು ಬಂದು ಸ್ನಾರ್ಕೆಲ್ ತುಂಬ ಉಪ್ಪುನೀರು. ಎರಡನೇ ಸಲ ಸರಿಯಾಯಿತು. ಬಾಯಿಂದ ನಿಧಾನವಾಗಿ ಉಸಿರಾಡುವುದೊಂದೇ ವಿದ್ಯೆ, ಲೈಫ್ ಜಾಕೆಟ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮಾಲ್ವಣದ ನೀರು ಗಾಜಿನಂತಿರುವುದಿಲ್ಲ, ನದಿಗಳ ಮಣ್ಣು ಬಂದು ಸೇರುತ್ತದೆ. ಆದರೂ ಕೆಳಗೆ ರುಬ್ಬುಗುಂಡಿನಷ್ಟು ದೊಡ್ಡ ಹವಳದ ಉಂಡೆಗಳು ಕಂಡವು. ನಮ್ಮ ಅಜ್ಜಿಯರ ಸರದಲ್ಲಿದ್ದ ಕೆಂಪು ಹವಳವಲ್ಲ ಇದು. ಅದು ಹೆಚ್ಚಾಗಿ ಮೆಡಿಟರೇನಿಯನ್ ಕಡಲಿಂದ ಬಂದದ್ದು. ಇದು ಬಂಡೆಯಂತೆ ಕಾಣುವ, ಕಂದು ಹಸಿರು ಬಣ್ಣದ ಜೀವಿಗಳ ಕೇರಿ. ಇಂಥ ಉಂಡೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ದೊಡ್ಡ ಮಾತು. ಅಂದರೆ ನಾನು ನೋಡಿದ ಒಂದೊಂದು ಉಂಡೆಗೂ ನನ್ನಷ್ಟೇ ವಯಸ್ಸಾಗಿರಬಹುದು.

ಕೆಲವು ಉಂಡೆಗಳ ತಲೆ ಬೆಳ್ಳಗಾಗಿತ್ತು. ಹವಳದ ಬಣ್ಣವೂ ಅದರ ಬಹುಪಾಲು ಆಹಾರವೂ ಅದರ ಮೈಯೊಳಗಿನ ಸೂಕ್ಷ್ಮ ಪಾಚಿಯದು. ನೀರು ಮಿತಿಮೀರಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಜಗತ್ತಿನಾದ್ಯಂತ ಹವಳ ಬಿಳಿಚುವ ನಾಲ್ಕನೇ ದೊಡ್ಡ ಸುತ್ತು ನಡೆಯುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದ್ದರು. ಮಾಲ್ವಣದಲ್ಲೂ ಹಿಂದೆ ಬಿಳಿಚಿದ್ದು ದಾಖಲಾಗಿದೆ. ಬಿಸಿಗೆ ನಾವಿಬ್ಬರು ಮಾಡುವುದೇನೂ ಇಲ್ಲ. ಕಾಲಿಡದೆ ಇರುವುದು ಮಾತ್ರ ನಮ್ಮ ಕೈಯಲ್ಲಿದೆ. ಬಳಲಿದ ಹವಳದ ಮೇಲೆ ಒಬ್ಬ ಪ್ರವಾಸಿ ನಿಂತು ಫೋಟೊ ತೆಗೆಸಿಕೊಂಡರೆ ಸಾಕು. ಅಂದ ಹಾಗೆ, ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹುಲಿಯ ಜೊತೆ ಹವಳವೂ ಇದೆ. ಶೋಕೇಸಿಗೆಂದು ಒಂದು ತುಂಡು ಮುರಿದು ತರುವುದು ಅಪರಾಧ.

ಮೂರನೇ ದಿನ ಕುಡಾಳದಿಂದ ಮಡಗಾಂವ್, ಅಲ್ಲಿಂದ ಮಂಗಳೂರಿನ ಮೆಮು ರೈಲಿನಲ್ಲಿ ಕಾರವಾರ. ಅಲ್ಲೂ ಒಂದು ದೇವಬಾಗ! ಇಲ್ಲಿ ನದಿ ಕಾಳಿ. ಮತ್ತೆ ಅದೇ ಮರಳಿನ ನಾಲಿಗೆ, ಅದೇ ಗಾಳಿಮರಗಳ ಸದ್ದು. ಕರ್ಲಿ ಹೋಗಿ ಕಾಳಿ ಬಂತು, ಮಾವಶಿ ಹೋಗಿ ಅಕ್ಕ ಬಂದರು, ಅಷ್ಟೇ. ಆ ಅಕ್ಕನ ಕೊಂಕಣಿ ಮಿಶ್ರಿತ ಕನ್ನಡ ಕಿವಿಗೆ ಬಿದ್ದಾಗ ರಾಜ್ಯ ಬದಲಾದದ್ದು ಗೊತ್ತಾಯಿತು. ದಡದಲ್ಲಿ ಬೆಂಕಿ ಹಾಕಬೇಡಿ, ಟಾರ್ಚು ಕಡಲ ಕಡೆ ಹಿಡಿಯಬೇಡಿ ಎಂದರು. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಈ ಮರಳಿಗೆ ಬರುತ್ತವೆ, ಬೆಳಕು ಕಂಡರೆ ತಿರುಗಿ ಹೋಗುತ್ತವೆ. ನಮಗೆ ಆಮೆ ಕಾಣಲಿಲ್ಲ. ಬೆಳಗ್ಗೆ ಎದ್ದಾಗ ಟ್ರ್ಯಾಕ್ಟರ್ ಟಯರಿನ ಗುರುತಿನಂಥ ಒಂದು ಜಾಡು ಮಾತ್ರ ಕಂಡಿತು. ಬಂದು ಹೋಗಿತ್ತು.

ಅಲ್ಲಿಂದ ಎದುರಿಗೇ ಕೂರ್ಮಗಡ. 2019ರ ಜನವರಿಯಲ್ಲಿ ಅಲ್ಲಿನ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2022ರ ಮೇನಲ್ಲಿ ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಇಬ್ಬರು. ನಾವು ಮುರುಡೇಶ್ವರ ತಲುಪಿದ ದಿನ ಇವೆರಡೂ ನನ್ನ ತಲೆಯಲ್ಲಿದ್ದವು. ಗಾಳಿ ಜೋರಾಗಿದೆ, ನಾಳೆ ನೇತ್ರಾಣಿಗೆ ದೋಣಿ ಬಿಡುವುದಿಲ್ಲ ಎಂದು ರಾತ್ರಿ ಫೋನು ಬಂತು. ರಜೆ ಮುಗಿಯುತ್ತಿತ್ತು. ಇನ್ನೊಬ್ಬರು ಕರೆದುಕೊಂಡು ಹೋಗಲು ಸಿದ್ಧರಿದ್ದಾರೆ ಎಂದು ಲಾಡ್ಜಿನ ಹುಡುಗ ಹೇಳಿದ. ‘ಹೋಗಿಬಿಡೋಣೇನು?’ ಎಂದರು ಇವರು. ನಾನು ಬೇಡವೆಂದೆ. ದೋಣಿ ಬಿಡುವುದಿಲ್ಲ ಎಂದು ಹೇಳಿ ತನ್ನ ಅಂದಿನ ದುಡಿಮೆಯನ್ನೇ ಬಿಟ್ಟವನ ದೋಣಿಯೇ ನನಗೆ ಬೇಕಾಗಿತ್ತು. ಮ್ಯಾನೇಜರಿಗೆ ಮೆಸೇಜು ಹಾಕಿ ಒಂದು ದಿನ ರಜೆ ಮುಂದೂಡಿದೆ. ಆ ದಿನವೆಲ್ಲ ರೂಮಿನಲ್ಲಿ ಮಾತು ಸ್ವಲ್ಪ ಕಡಿಮೆಯೇ ಇತ್ತು.

ಮರುದಿನ ಕಡಲು ಸುಮ್ಮನಿತ್ತು. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರು, ಹತ್ತಿರ ಹತ್ತಿರ ಒಂದೂವರೆ ಗಂಟೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನೋಡಿದವರಿಗೆ ಹೆಸರು ಗೊತ್ತು. ನೌಕಾಪಡೆ ಈ ದ್ವೀಪವನ್ನು ವರ್ಷಗಟ್ಟಲೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು, ಪರಿಸರದವರು ಅದನ್ನು ವಿರೋಧಿಸಿದ್ದರು. ನಾವು ಹೋದಾಗ ಕಡಿದಾದ ಬಂಡೆಯ ನೆತ್ತಿಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು.

ನದಿಗಳ ಮಣ್ಣು ಇಷ್ಟು ದೂರ ಬರುವುದಿಲ್ಲ. ನೀರಿಗಿಳಿದು ಮುಖ ಇಟ್ಟ ಕೂಡಲೇ ನನಗೆ ಗೊತ್ತಾಗಿದ್ದು ಆಳ. ಕೆಳಗೆ ಎರಡು ಮೂರು ಮಹಡಿಯಷ್ಟು ನೀರು, ತಳ ಕಾಣುತ್ತಿತ್ತು. ಕೊಳದ ನಾಲ್ಕಡಿಯಲ್ಲಿ ಕಲಿತದ್ದೆಲ್ಲ ಒಂದು ಗಳಿಗೆ ಮರೆತು ಹೋಯಿತು. ದೋಣಿಯ ಹಗ್ಗ ಹಿಡಿದುಕೊಂಡೆ. ಇವರು ಪಕ್ಕದಲ್ಲೇ ತೇಲುತ್ತಿದ್ದರು, ಏನೂ ಹೇಳಲಿಲ್ಲ. ಉಸಿರು ಹತ್ತರವರೆಗೆ ಎಣಿಸಿದೆ. ಆಮೇಲೆ ಕೇಳಿಸಿತು, ಕರಕರ ಸದ್ದು. ನೀಲಿ ಹಸಿರು ಗಿಣಿಮೀನೊಂದು ತನ್ನ ಕೊಕ್ಕಿನಿಂದ ಬಂಡೆ ಕೆರೆಯುತ್ತಿತ್ತು. ಪಾಚಿಯ ಜೊತೆ ಅರೆದು ನುಂಗಿದ ಕಲ್ಲನ್ನು ಅದು ಮರಳಾಗಿ ಹೊರಬಿಡುತ್ತದೆ. ಬ್ರೆಡ್ಡಿಗೆ ಬರದ ಮೀನು. ಅದರ ಹಿಂದೆ ಹೋಗಬೇಕೆಂದು ಹಗ್ಗ ಬಿಟ್ಟೆ.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ದೋಣಿ ಇಲ್ಲ. ಕನ್ನಡಕದವರು ಪವರ್ ಇರುವ ಮಾಸ್ಕ್ ಕೊಂಡುಕೊಂಡರೆ ಪೂರ್ತಿ ದುಡ್ಡು ವಸೂಲು. ಮಾಸ್ಕಿನ ಗಾಜಿಗೆ ಮಂಜು ಕಟ್ಟಿದರೆ ಎಂಜಲು ಉಜ್ಜಿ ತೊಳೆಯುವುದೇ ಮದ್ದು, ಅಸಹ್ಯ ಪಡಬೇಡಿ. ಗಾಳಿಗೆಂದು ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ನಮಗೆ ಆ ದಿನ ಉಳಿಯದ್ದರಿಂದ ಸೇಂಟ್ ಮೇರೀಸ್ ಮುಂದಿನ ಸಲಕ್ಕೆ ಹೋಯಿತು.

ಠಾಣೆಗೆ ಮರಳುವ ಮುಂಚೆ ಅರ್ಧ ದಿನ ಕುಂದಾಪುರದ ಮನೆಯಲ್ಲಿದ್ದೆವು. ಕಡಲಿಗೆ ಇಳಿದದ್ದನ್ನು ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಿಣಿಮೀನಿನ ಬಣ್ಣ, ಕೊಕ್ಕು, ಗಾತ್ರ ಎಲ್ಲ ಕೈ ಆಡಿಸಿ ವಿವರಿಸಿದ ಮೇಲೆ ಕೇಳಿದರು: ‘ಅದ್ ತಿಂಬುಕ್ ಆತ್ತಾ?’