ಮೊದಲ ಗುಟುಕಿಗೂ ಮೊದಲು

ಸಾಲಗುಂದದ ಚಹಾದಂಗಡಿಗೆ ಬೆಳಿಗ್ಗೆ ಆರೂವರೆಗೆ ಬಂದವನು ಬಸಿಗೆ ಚಹಾ ಹೊಯ್ದುಕೊಳ್ಳಲು ಹೋದ. ಕೈ ನಡುಗಿ ಅರ್ಧ ಚಹಾ ಕಟ್ಟೆಯ ಮೇಲೆ ಚೆಲ್ಲಿತು. ಬಸಿ ಬದಿಗಿಟ್ಟು, ಎರಡೂ ಕೈಯಲ್ಲಿ ಲೋಟವನ್ನು ಕಟ್ಟೆಗೆ ಒತ್ತಿ ಹಿಡಿದು, ಬಾಯನ್ನೇ ಅದರ ಬಳಿಗೆ ಒಯ್ದ. ಹಿಂದಿನ ದಿನವಷ್ಟೇ ಕುಡಿತ ಬಿಟ್ಟಿದ್ದ. ‘ಕುಡದು ಕುಡದು ತಲಿ ಕೆಟ್ಟೈತ್ರಿ’ ಎಂದರು ಅವನ ತಂದೆ. ತಾಯಿ ದನಿ ತಗ್ಗಿಸಿ ಬೇರೆಯದೇ ಹೇಳಿದರು: ‘ಹಂಗಲ್ರಿ. ಸಣ್ಣಾಂವ ಇದ್ದಾಗಿಂದ್ಲೂ ಇಂವ ಒಂದ್ ಕಡಿ ಕೂತಾಂವಲ್ಲ. ಸಿಟ್ಟು ಬಂತಂದ್ರ ಕೈಯಾಗಿದ್ದದ್ದು ಒಗೀತಿದ್ದ.’

ಕುಡಿದದ್ದರಿಂದ ಹೀಗಾದನೋ, ಹೀಗಿದ್ದುದರಿಂದ ಕುಡಿದನೋ? ಆ ದಂಪತಿಯ ಈ ಎರಡು ಮಾತುಗಳ ನಡುವೆಯೇ ವೈದ್ಯಶಾಸ್ತ್ರವೂ ಹಲವು ದಶಕ ಓಡಾಡಿದೆ.

ಮೊದಲು ತಿಳಿದದ್ದು ಕುಡಿತ ಬಿಟ್ಟಾಗ ಬರುವ ಹುಚ್ಚಿನ ಬಗೆ. ಬಿಟ್ಟ ಎರಡು ಮೂರನೆಯ ದಿನ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ. ಗಾಳಿ ಬಡಿದಿದೆ ಎಂದು ಮನೆಯವರು ತಾಯತ ಕಟ್ಟಿಸುತ್ತಾರೆ. ಇದು ಹೊಟ್ಟೆಗೆ ಸರಿಯಾಗಿ ತಿನ್ನದ್ದರಿಂದ ಬರುತ್ತದೆ ಎಂದು ಬಹುಕಾಲ ಅನೇಕ ವೈದ್ಯರೂ ನಂಬಿದ್ದರು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಜನ ಕೈದಿಗಳಿಗೆ ಒಳ್ಳೆಯ ಊಟ, ವಿಟಮಿನ್ ಕೊಡುತ್ತಲೇ ಮದ್ಯ ಕುಡಿಸಿದರು. ಅವರಲ್ಲಿ ಆರು ಜನ 48ರಿಂದ 87 ದಿನ ಕುಡಿದರು. ಒಮ್ಮೆಲೇ ನಿಲ್ಲಿಸಿದಾಗ ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ಭ್ರಮೆ ಹಿಡಿಯಿತು. ಮಿದುಳನ್ನು ಹಾಗೆ ಕದಡಿದ್ದು ಕುಡಿತದ ಹಠಾತ್ ನಿಲುಗಡೆಯೇ ಎಂದು 1955ರಲ್ಲಿ ಅವರು ಪ್ರಕಟಿಸಿದರು. ಕೈದಿಗಳ ಮೇಲೆ ಇಂಥ ಪ್ರಯೋಗ ಮಾಡಲು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಅದು ಕಲಿಸಿದ್ದನ್ನು ನಾವು ಇನ್ನೂ ಪೂರ್ತಿ ಕಲಿತಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋದರೆ ಜೀವಕ್ಕೇ ಅಪಾಯ. ಆ ಕೆಲವು ದಿನ ಅವನು ವೈದ್ಯರ ಕಣ್ಣಳತೆಯಲ್ಲಿರಬೇಕು.

ಇನ್ನು ದುಗುಡದ ಮಾತು. ಚಿಕಿತ್ಸೆಗೆ ಬರುವ ಕುಡುಕರಲ್ಲಿ ಬಹಳ ಮಂದಿ ಮಂಕಾಗಿರುತ್ತಾರೆ, ಸಾಯುವ ಮಾತಾಡುತ್ತಾರೆ. 1988ರಲ್ಲಿ ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ ಒಂದು ಸರಳ ಕೆಲಸ ಮಾಡಿದರು: ಕಾದು ನೋಡಿದರು. ದಾಖಲಾದ 191 ಗಂಡಸರಲ್ಲಿ ಆರಂಭದಲ್ಲಿ ನೂರಕ್ಕೆ 42 ಮಂದಿಗೆ ತೀವ್ರ ಖಿನ್ನತೆಯಿತ್ತು. ನಾಲ್ಕು ವಾರ ಕುಡಿಯದೆ ಇದ್ದ ಮೇಲೆ ಅದು ನೂರಕ್ಕೆ 6ಕ್ಕೆ ಇಳಿಯಿತು. ಹೆಚ್ಚಿನವರ ದುಗುಡ ಕುಡಿತವೇ ತಂದದ್ದು ಎಂದಾಯಿತು, ತಂದೆಯ ಮಾತು ಗೆದ್ದಿತು. ಆದರೆ ನನ್ನ ಮನಸ್ಸು ನೂರರಲ್ಲಿ ಉಳಿದ ಆ ಆರು ಮಂದಿಯ ಹತ್ತಿರವೇ ನಿಲ್ಲುತ್ತದೆ. ‘ಕುಡಿಯೋದು ಬಿಟ್ಟ ಮ್ಯಾಲ ಎಲ್ಲಾ ಸರಿ ಹೋಗ್ತದ’ ಎಂಬ ಮಾತು ಅವರ ಪಾಲಿಗೆ ಸುಳ್ಳು. ಅವರ ಖಿನ್ನತೆಗೆ ಬೇರೆಯೇ ಔಷಧಿ ಬೇಕು, ಕುಡಿತದ ಚಿಕಿತ್ಸೆಯ ಜೊತೆಜೊತೆಗೇ ಬೇಕು.

ಹಾಗಾದರೆ ತಾಯಿಯ ಮಾತು? ಅದನ್ನು ಪರೀಕ್ಷಿಸಬೇಕಾದರೆ ಒಂದು ಹನಿಯನ್ನೂ ಮುಟ್ಟದವರನ್ನು ನೋಡಬೇಕು. ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್, ಬರ್ನಿಸ್ ಪೋರ್ಜೆಸ್ ಮತ್ತು ಜೊತೆಗಾರರು ಕುಡುಕ ತಂದೆಯರ 25 ಗಂಡುಮಕ್ಕಳನ್ನು ಕೂರಿಸಿದರು. ವಯಸ್ಸು ಏಳರಿಂದ ಹದಿಮೂರು. ನೆತ್ತಿಗೆ ತಂತಿ ಅಂಟಿಸಿ, ಪರದೆಯ ಮೇಲೆ ಮೇಲಿನಿಂದ ಕಂಡ ತಲೆಯೊಂದರ ಚಿತ್ರ ತೋರಿಸಿದರು: ಒಂದು ಮೂಗು, ಒಂದೇ ಕಿವಿ. ಕಿವಿ ಎಡಗಡೆಯದೋ ಬಲಗಡೆಯದೋ ಎಂದು ಗುಂಡಿ ಒತ್ತಬೇಕು. ಹೀಗೆ ಗಮನವಿಟ್ಟು ನೋಡುವಾಗ ಸೆಕೆಂಡಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಮಿದುಳಿನಲ್ಲಿ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ಅದರ ಹೆಸರು ಪಿ300. ಈ ಹುಡುಗರಲ್ಲಿ ಆ ಅಲೆ ತಗ್ಗಿತ್ತು. 1984ರಲ್ಲಿ ಇದು ಪ್ರಕಟವಾದಾಗ, ಬಾಟಲಿಯಲ್ಲಿದೆ ಎಂದುಕೊಂಡಿದ್ದ ಗುರುತು ಬಾಟಲಿಗೂ ಮೊದಲೇ ಸಿಕ್ಕಂತಾಯಿತು.

ಅಲ್ಲಿಯ ಮಕ್ಕಳ ಮಾತು ಇಲ್ಲಿಗೂ ಹೊಂದುತ್ತದೆಯೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್, ಸಂಜೀವ್ ಜೈನ್, ಡಿ.ಕೆ. ಸುಬ್ಬುಕೃಷ್ಣ ಮತ್ತು ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಎಸ್.ಎಂ. ಚನ್ನಬಸವಣ್ಣ ಸೇರಿ ನಮ್ಮವರಲ್ಲೇ ಹುಡುಕಿದರು. ಕುಡಿತಕ್ಕೆ ದಾಸರಾದವರ ರಕ್ತಸಂಬಂಧಿ ಗಂಡಸರಲ್ಲಿ ಅಪಾಯ ಒಂದೊಂದು ಮೆಟ್ಟಿಲು ಏರಿದಂತೆ ಪಿ300 ಅಲೆ ಇಳಿಯುತ್ತ ಹೋಗಿತ್ತು. ಅದು 1995. ಮುಂದೆ 2007ರಲ್ಲಿ ಬೆನೆಗಲ್ ಮತ್ತು ಸಂಗಡಿಗರು, ಇನ್ನೂ ಕುಡಿಯದ ಇಂಥ ಮನೆಗಳ ಹುಡುಗರ ಮಿದುಳನ್ನು ಎಂಆರ್‌ಐನಲ್ಲಿ ನೋಡಿದರು. ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕಡಿಮೆಯಿತ್ತು. ಅದು ಕಡಿಮೆಯಿದ್ದಷ್ಟೂ ಚಡಪಡಿಕೆ, ಹಿಂದುಮುಂದು ನೋಡದೆ ನುಗ್ಗುವ ಗುಣ, ಜಗಳಗಂಟತನ ಹೆಚ್ಚಿದ್ದವು. ಸಾಲಗುಂದದ ಆ ತಾಯಿ ‘ಒಂದ್ ಕಡಿ ಕೂತಾಂವಲ್ಲ’ ಎಂದದ್ದು ಇದನ್ನೇ.

ಇದನ್ನು ಹಣೆಬರಹ ಎಂದು ಓದಬಾರದು. ಅಲೆ ತಗ್ಗಿದವರೆಲ್ಲ ಕುಡುಕರಾಗುವುದಿಲ್ಲ. ಹದ ತಪ್ಪಿದ ಬ್ರೇಕಿನಂಥ ಮಿದುಳಿಗೆ ಹರೆಯದಲ್ಲಿ ಮದ್ಯ ಸಿಕ್ಕಿದರೆ ಅದು ಬೇಗ ಹಿಡಿಯುತ್ತದೆ, ಅಷ್ಟೇ. ಚಟ ಒಂದು ರೋಗ, ಚಡಪಡಿಕೆ ಇನ್ನೊಂದು ಎಂದು ಬೇರೆ ಮಾಡಿ ನೋಡುತ್ತಿದ್ದೆವು. ಬೇರು ಹಲವು ಸಲ ಒಂದೇ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮ ಭತ್ತದ ಸೀಮೆಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಪ್ಯಾಕೆಟ್ ಹೋಯಿತು, ಬಾಟಲಿ ಬಂತು. ಮಾರಾಟ ನಿಲ್ಲಿಸಿದರೆ ಸಾಲದು, ಚಿಕಿತ್ಸೆಯೂ ಹತ್ತಿರದಲ್ಲೇ ಸಿಗಬೇಕು. ಅದರ ದಾರಿ ಮೊದಲೇ ತೆರೆದಿತ್ತು: ಪಕ್ಕದ ಬಳ್ಳಾರಿಯಲ್ಲಿ 1985ರಿಂದ 90ರವರೆಗೆ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಗುರುತಿಸುವುದನ್ನು ಕಲಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿಯಾಯಿತು. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಆ ದಂಪತಿ ಕೊನೆಗೆ ಮಗನನ್ನು ವೈದ್ಯರ ಬಳಿ ಕರೆದೊಯ್ದರು, ನಾನೂ ಜೊತೆಗಿದ್ದೆ. ವೈದ್ಯರು ಎಷ್ಟು ಕುಡಿಯುತ್ತಿದ್ದ ಎಂದು ಕೇಳಿದ ಮೇಲೆ ‘ಕುಡಿಯಾಕ ಮೊದಲು ಹೆಂಗಿದ್ದ?’ ಎಂದರು. ತಂದೆ ಸುಮ್ಮನಾದರು. ತಾಯಿ ಹೇಳುತ್ತ ಹೋದರು, ವೈದ್ಯರು ಬರೆದುಕೊಳ್ಳುತ್ತ ಹೋದರು. ಎಲ್ಲ ಮುಗಿದು ಏಳುವಾಗ, ಕಿಟಕಿಯ ಸರಳಿಗೆ ಜೋತುಬಿದ್ದಿದ್ದ ಎಂಟು ವರ್ಷದ ಮೊಮ್ಮಗನನ್ನು ಆಕೆ ತೋಳು ಹಿಡಿದು ಮುಂದೆ ತಂದು ನಿಲ್ಲಿಸಿದರು. ‘ಇಂವಾನೂ ಹಂಗ ಅದಾನ್ರಿ, ಸ್ವಲ್ಪ ನೋಡ್ರಿ.’ ವೈದ್ಯರು ಇನ್ನೊಂದು ಚೀಟಿ ತೆಗೆದುಕೊಂಡು ಹುಡುಗನ ಹೆಸರು ಕೇಳಿದರು.